ಗೇಟಿಗೆ ಸೊಪ್ಪು ಕಟ್ಟಿದ ಮನೆ

ಜರ್ಮನಿಯ ಮೊಸೆಲ್ ಹೊಳೆಯ ದಂಡೆಯಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡುವ ಆ ಮನೆಗೆ ಮೊದಲ ಸಲ ಹೋದಾಗ ನನ್ನ ಕಣ್ಣು ಹೋದದ್ದು ವೈನ್ ಕಡೆಗಲ್ಲ, ಗೋಡೆ ಕಡೆಗೆ. ಅಂಗಳದ ಮೂಲೆಯಲ್ಲಿ ಸಾಮಾನು ಇಡುವ ಹಳೇ ಕಟ್ಟಡವೊಂದಿತ್ತು. ಅದರ ಗೋಡೆ ತುಂಬಾ ತಿಳಿ ನೀಲಿ ಕಲೆ. ಆಳೆತ್ತರಕ್ಕೆ ಚಿಮ್ಮಿ, ಒಣಗಿ, ಸುಣ್ಣದ ಹಾಗೆ ಹಕ್ಕಳೆಗಟ್ಟಿತ್ತು. ನಾನು ಅಲ್ಲೇ ನಿಂತುಬಿಟ್ಟೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ, ತೋಟಕ್ಕೆ ಇಳಿಯುವ ದಾರಿಯಲ್ಲಿ, ಔಷಧಿ ಡ್ರಮ್ಮು ಇಡುವ ಜಾಗದ ಗೋಡೆಯೂ ಹೀಗೇ ಇದೆ. ಅದೇ ಬಣ್ಣ. ಕೈಯಿಂದ ಕೆರೆದರೆ ಅದೇ ಪುಡಿ.

‘ಇದು ಬೋರ್ಡೋ ಅಲ್ವಾ?’ ಅಂತ ಕೇಳಿದೆ. ಮನೆಯ ಹಿರಿಯರು ನನ್ನನ್ನೇ ನೋಡಿದರು. ಅವರಿಗೆ ಆಗ ಎಪ್ಪತ್ತು ದಾಟಿತ್ತು. ಭಾರತದಿಂದ ಬಂದ ಕಂಪ್ಯೂಟರ್ ಕೆಲಸದವನಿಗೆ ಇದು ಹೇಗೆ ಗೊತ್ತು ಅಂತ ಅವರಿಗೆ ಆಶ್ಚರ್ಯ.

ಬೋರ್ಡೋ ಅನ್ನುವುದು ಫ್ರಾನ್ಸಿನ ಒಂದು ಊರು, ಅದು ದ್ರಾಕ್ಷಿ ಸೀಮೆ ಅಂತ ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ನಮ್ಮ ಕಡೆ ಅದು ಔಷಧಿಯ ಹೆಸರು. ಮಳೆ ಹಿಡಿಯುವ ಮುಂಚೆ ಒಂದು ಸಲ, ಆಮೇಲೆ ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಅಡಿಕೆಗೆ ಬೋರ್ಡೋ ಹೊಡೆಯಲೇಬೇಕು. ಇಲ್ಲದಿದ್ದರೆ ಕೊಳೆ ಬಂದು ಕಾಯೆಲ್ಲ ಬುಡಕ್ಕೆ ಉದುರುತ್ತದೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಎರಡನ್ನೂ ಬೆರೆಸಿದ ಮೇಲೆ ಅಪ್ಪ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ, ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ಕಬ್ಬಿಣದ ಮೇಲೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಲೆಕ್ಕ. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಕತ್ತಿ ಅದ್ದುವುದು. ಇದನ್ನು ಹೇಳಿದಾಗ ಆ ಹಿರಿಯರು ಒಳಗೆ ಹೋಗಿ ಒಂದು ಮೊಂಡು ಚಾಕು ತಂದರು. ಅವರ ಅಪ್ಪನದು. ಅವರೂ ಹೀಗೇ ಅದ್ದಿ ನೋಡುತ್ತಿದ್ದರಂತೆ.

ಈ ಔಷಧಿ ಹುಟ್ಟಿದ್ದು ದ್ರಾಕ್ಷಿ ತೋಟದಲ್ಲಿ. ದಾರಿಹೋಕರು ಹಣ್ಣು ಕದಿಯದಿರಲಿ ಅಂತ ಬೋರ್ಡೋ ಸೀಮೆಯ ರೈತರು ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗೆ ಮಾತ್ರ ಬೂಜು ರೋಗ ಬಂದಿಲ್ಲ ಅನ್ನುವುದನ್ನು ಮಿಲ್ಲಾರ್ಡೆ ಅನ್ನುವ ಪ್ರಾಧ್ಯಾಪಕರು ಗಮನಿಸಿದರು. 1885ರಲ್ಲಿ ಅದನ್ನು ಪ್ರಕಟಿಸಿದರು. ಅಲ್ಲಿಂದ ಕಾಲು ಶತಮಾನದೊಳಗೆ ಅದು ನಮ್ಮ ತೋಟಕ್ಕೆ ಬಂತು. ತಂದವರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದವರು. ಮಲೆನಾಡಿನ ಕೊಳೆ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಪತ್ತೆ ಮಾಡಿ, ಇದಕ್ಕೆ ಬೋರ್ಡೋ ಹೊಡೆಯಿರಿ ಅಂತ ತೋರಿಸಿಕೊಟ್ಟರು. ಅದಕ್ಕೂ ಮುಂಚೆ ನಮ್ಮವರು ಗೊನೆಗೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು.

ಹಾಗಾಗಿ ದ್ರಾಕ್ಷಿ ಮನೆಗೂ ಅಡಿಕೆ ಮನೆಗೂ ನೂರು ವರ್ಷದ ನೆಂಟಸ್ತನ ಇದೆ. ನಾನು ಕೋಬ್ಲೆನ್ಸ್ ಊರಲ್ಲಿ ಇದ್ದು ಹನ್ನೊಂದು ವರ್ಷವಾಯಿತು. ಅಲ್ಲಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ಹೋದರೆ ಈ ಮನೆ. ಪ್ರತಿ ಅಕ್ಟೋಬರಿನಲ್ಲಿ ಎರಡು ಮೂರು ಶನಿವಾರ ಕೊಯ್ಲಿಗೆ ಹೋಗುತ್ತೇನೆ. ಮಧ್ಯಾಹ್ನದ ಊಟ ಅವರದು, ಬರುವಾಗ ನಾಲ್ಕು ಬಾಟಲಿ ಕೊಡುತ್ತಾರೆ. ಹಾಗೆ ಹೋಗಿ ಬಂದು, ಊರಿಗೂ ಹೋಗಿ ಬಂದು, ಮನಸ್ಸಿನಲ್ಲಿ ಬೆಳೆದ ಒಂದು ಮಾತನ್ನು ಇಲ್ಲಿ ಹೇಳಬೇಕು ಅನಿಸಿದೆ. ಕೆಲಸದಲ್ಲಿ ನಮ್ಮ ಮನೆಗಳು ಆ ಮನೆಗಿಂತ ಒಂದು ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಆದರೆ ಆ ಮನೆಯವರ ಹೆಸರು ಅವರ ಮಾಲಿನ ಜೊತೆ ತಿನ್ನುವವರ, ಕುಡಿಯುವವರ ಮೇಜಿನವರೆಗೆ ಹೋಗುತ್ತದೆ. ನಮ್ಮದು ಮಂಡಿಯಲ್ಲೇ ಕಳೆದುಹೋಗುತ್ತದೆ.

ಆ ಮನೆಯಲ್ಲಿ ಇರುವವರು ಐದು ಜನ. ಹಿರಿಯರು, ಅವರ ಹೆಂಡತಿ, ಮಗ, ಸೊಸೆ, ಮೊಮ್ಮಗಳು. ಜಮೀನು ಹನ್ನೆರಡು ಎಕರೆ ಚಿಲ್ಲರೆ. ಅದು ಒಂದೇ ಕಡೆ ಇಲ್ಲ, ಮೂವತ್ತಕ್ಕೂ ಜಾಸ್ತಿ ತುಂಡು. ಯಾಕೆ ಹೀಗೆ ಅಂತ ಕೇಳಿದರೆ ಹಿಸ್ಸೆ. ನೆಪೋಲಿಯನ್ ಕಾಲದ ಫ್ರೆಂಚ್ ಕಾನೂನು ಆ ಸೀಮೆಯಲ್ಲಿ ಬೇರೂರಿದ್ದರಿಂದ ಅಪ್ಪನ ಆಸ್ತಿ ಮಕ್ಕಳಿಗೆಲ್ಲ ಸಮಪಾಲು. ಒಂದು ಸಾಲು ಅಣ್ಣನಿಗೆ, ಪಕ್ಕದ ಸಾಲು ತಮ್ಮನಿಗೆ, ಮೇಲಿನ ಬಂಡೆ ಬದಿಯದು ಮದುವೆಯಾಗಿ ಹೋದ ತಂಗಿಗೆ. ನಮ್ಮ ಅಜ್ಜನ ಕಾಲದ ಪಾಲುಪಟ್ಟಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಳಿಜಾರೂ ಹಾಗೇ. ಅಲ್ಲೇ ಹತ್ತಿರ ಬ್ರೆಮ್ ಅನ್ನುವ ಊರಲ್ಲಿ ಕಾಲ್ಮೊಂಟ್ ಅಂತ ದ್ರಾಕ್ಷಿ ಗುಡ್ಡ ಇದೆ, ಕೆಲವು ಕಡೆ 65 ಡಿಗ್ರಿವರೆಗೆ ಕಡಿದು. ಟ್ರ್ಯಾಕ್ಟರ್ ಹತ್ತುವ ಮಾತೇ ಇಲ್ಲ. ಒಂದೇ ಹಳಿಯ ಸಣ್ಣ ಗಾಡಿಯಲ್ಲಿ ಬುಟ್ಟಿಗಳು ಇಳಿಯುತ್ತವೆ, ಮಿಕ್ಕಿದ್ದೆಲ್ಲ ಕಾಲಿನ ಮೇಲೆ. ಕಾಲಡಿ ಕಪ್ಪು ಪದರಗಲ್ಲು. ಬಿಸಿಲಿಗೆ ಕಾದು ಸಂಜೆವರೆಗೆ ಬಿಸಿ ಉಳಿಸಿಕೊಳ್ಳುತ್ತದೆ. ಅದರಿಂದಲೇ ಅಷ್ಟು ಉತ್ತರದ ಚಳಿಯಲ್ಲೂ ರೀಸ್ಲಿಂಗ್ ದ್ರಾಕ್ಷಿ ಹಣ್ಣಾಗುವುದು. ನಮ್ಮಲ್ಲಿ ಅಪ್ಪನ ಕಾಲಕ್ಕೆ ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ಬಾಗಿಸಿಕೊಂಡು ದಾಟುತ್ತಿದ್ದ ಕೊನೆಗಾರರು ಇದ್ದರು. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೇ ನಿಂತು ಕೊನೆ ಇಳಿಸುತ್ತಾರೆ. ಅಲ್ಲಿ ಕೊಯ್ಲಿಗೆ ಪೋಲೆಂಡ್, ರೊಮೇನಿಯಾದಿಂದ ಜನ ಬರುತ್ತಾರೆ. ನಮ್ಮಲ್ಲಿ ಬಯಲುಸೀಮೆಯಿಂದ, ಈಚೆಗೆ ಅಸ್ಸಾಮಿನಿಂದಲೂ. ‘ಮನೆಯವರೇ ಮಾಡುವ ವೈನ್’ ಅಂದಾಗ ಇವರನ್ನು ಮರೆಯಬಾರದು. ಆ ಮನೆಯಲ್ಲಿ ರೊಮೇನಿಯಾದ ಗಂಡ ಹೆಂಡತಿ ಹದಿನಾಲ್ಕು ವರ್ಷದಿಂದ ಬರುತ್ತಿದ್ದಾರೆ. ಊಟಕ್ಕೆ ಕೂರುವುದು ಒಂದೇ ಮೇಜಿಗೆ. ಯಾವ ಸಾಲು ಮೊದಲು ಕೊಯ್ಯಬೇಕು ಅಂತ ಹಿರಿಯರು ಕೇಳುವುದು ಆ ಹೆಂಗಸನ್ನು.

ಒಂದು ಸಂಜೆ ಹಿರಿಯರು ನನ್ನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದರು. ಸಾಲಾಗಿ ಓಕ್ ಮರದ ಪೀಪಾಯಿಗಳು. ಮೊಸೆಲ್ ಕಡೆ ಇದಕ್ಕೆ ಫೂಡರ್ ಅನ್ನುತ್ತಾರೆ, ಒಂದರಲ್ಲಿ ಸುಮಾರು 1,000 ಲೀಟರ್ ಹಿಡಿಸುತ್ತದೆ. ಅವರು ಟೋಪಿ ತೆಗೆದು, ಪೀಪಾಯಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿಕೊಂಡರು. ಆಮೇಲೆ ನನಗೂ ಹಚ್ಚು ಅಂದರು. ಒಳಗೆ ಸಣ್ಣಗೆ ಸರಸರ ಸದ್ದು, ದೂರದಲ್ಲಿ ಮಳೆ ಬಂದ ಹಾಗೆ. ರಸ ಹುಳಿಯುತ್ತಿತ್ತು. ಮುಂದಿನ ಪೀಪಾಯಿಯಲ್ಲಿ ಸದ್ದು ಕಡಿಮೆ. ‘ಇದಕ್ಕೆ ಚಳಿಯಾಗಿದೆ’ ಅಂದು, ಮಗನನ್ನು ಕೂಗಿ ಬಾಗಿಲು ಹಾಕಿಸಿದರು. ಮಾಪಕ ಇದೆ, ಡಿಗ್ರಿ ತೋರಿಸುವ ಪರದೆ ಇದೆ. ಆದರೂ ಕಿವಿ ಹಚ್ಚದೆ ಅವರು ಮಲಗುವುದಿಲ್ಲವಂತೆ.

ನನಗೆ ಅಮ್ಮನ ನೆನಪಾಯಿತು. ಅಡಿಕೆ ಬೇಯಿಸುವ ದಿನ ಹಂಡೆಯ ಮುಂದೆ ಅಮ್ಮನೇ ನಿಲ್ಲುವುದು. ಚೊಗರು, ಅಂದರೆ ಅಡಿಕೆ ಬೇಯಿಸಿ ಉಳಿದ ಗಟ್ಟಿ ಕೆಂಪು ನೀರು, ಎಷ್ಟು ಬೀಳಬೇಕು, ಉರಿ ಯಾವಾಗ ತಗ್ಗಬೇಕು ಅನ್ನುವುದಕ್ಕೆ ಗಡಿಯಾರ ನೋಡಿದವರಲ್ಲ. ಜರಡಿ ಸೌಟಿನಲ್ಲಿ ನಾಲ್ಕು ಕಾಯಿ ಎತ್ತಿ ನೋಡುತ್ತಾರೆ. ಕಾಯಿಯ ಕಣ್ಣು ಕಳಚಿಕೊಂಡಿದ್ದರೆ ಬೆಂದಿದೆ ಅಂತ ಅರ್ಥ. ಒಂದು ಗಳಿಗೆ ಜಾಸ್ತಿಯಾದರೆ ಬಣ್ಣ ಕೆಡುತ್ತದೆ, ಕಡಿಮೆಯಾದರೆ ಒಗರು ಉಳಿಯುತ್ತದೆ. ಹದ ಅನ್ನುವುದು ಅದಕ್ಕೇ. ಜರ್ಮನ್ ಭಾಷೆಯಲ್ಲಿ ಈ ಮಾತಿಗೆ ಸರಿಯಾದ ಪದ ಹುಡುಕಿ ನನಗೆ ಸಿಕ್ಕಿಲ್ಲ. ಆ ಹಿರಿಯರಿಗೆ ‘ಹದ’ ಅಂತಲೇ ಹೇಳಿಕೊಟ್ಟಿದ್ದೇನೆ, ಈಗ ಅವರು ಪೀಪಾಯಿ ತಟ್ಟಿ ‘ಹದ?’ ಅಂತ ನನ್ನನ್ನೇ ಕೇಳುತ್ತಾರೆ.

ಇಲ್ಲಿವರೆಗೆ ಎರಡೂ ಮನೆ ಒಂದೇ. ಬೇರೆಯಾಗುವುದು ಮುಂದೆ.

ಆ ಮನೆಯ ಬಾಟಲಿ ಕೈಗೆ ತೆಗೆದುಕೊಳ್ಳಿ. ಚೀಟಿಯ ಮೇಲೆ ಮನೆತನದ ಹೆಸರು. ಕೆಳಗೆ ಊರು, ದ್ರಾಕ್ಷಿ ಬೆಳೆದ ಗುಡ್ಡ, ವರ್ಷ. ಸ್ವಂತ ಬಳ್ಳಿಯ ಹಣ್ಣು, ಸ್ವಂತ ಮನೆಯಲ್ಲೇ ತುಂಬಿದ್ದು ಅನ್ನುವುದಕ್ಕೆ ಕಾನೂನು ಒಪ್ಪಿದ ಒಂದು ಪದವಿದೆ, ಅದೂ ಅಚ್ಚಾಗಿರುತ್ತದೆ. ಮೂಲೆಯಲ್ಲಿ ಒಂದು ಸಣ್ಣ ನಂಬರ್. ಸರಕಾರದ ಕಡೆಯಿಂದ ಪರೀಕ್ಷೆ, ರುಚಿ ನೋಡುವುದು ಎಲ್ಲ ಮುಗಿದ ಮೇಲೆ ಸಿಗುವ ನಂಬರ್ ಅದು. 1971ರ ವೈನ್ ಕಾನೂನಿನಿಂದ ಬಂದದ್ದು. ಅದರಲ್ಲಿ ಯಾರು ಪರೀಕ್ಷೆ ಮಾಡಿದರು, ಯಾವ ಊರು, ಯಾವ ಮನೆ, ಯಾವ ವರ್ಷ ಅಂತ ಎಲ್ಲ ಅಡಗಿರುತ್ತದೆ. ಹ್ಯಾಂಬರ್ಗಿನಲ್ಲಿ ಕೂತು ಕುಡಿಯುವವರಿಗೂ ಈ ಬಾಟಲಿ ಯಾರ ಕೈಯದು ಅಂತ ಗೊತ್ತು. ಫೋನ್ ಮಾಡಿ ಈ ಸಲದ್ದು ಸ್ವಲ್ಪ ಹುಳಿ ಜಾಸ್ತಿಯಾಯಿತು ಅಂತ ಬೈಯುವವರೂ ಇದ್ದಾರೆ. ಸೊಸೆ ಅದನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ.

ಈಗ ನಮ್ಮ ಅಡಿಕೆ ನೋಡಿ. ಕೊನೆ ಇಳಿಸಿ, ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿವರೆಗೆ ಸುಲಿದು, ಬೇಯಿಸಿ, ಚಪ್ಪರದ ಮೇಲೆ ಒಣಗಿಸಿ, ಆರಿಸಿ, ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ಮಾಡಿ ಚೀಲ ಹೊಲಿಯುತ್ತೇವೆ. ಅಮ್ಮನ ಹದ, ಸುಲಿದ ಹೆಂಗಸರ ಬೆರಳಿನ ಕಪ್ಪು ಎಲ್ಲ ಆ ಚೀಲದಲ್ಲಿದೆ. ಶಿವಮೊಗ್ಗದಲ್ಲಿ ಚೀಲ ಬಿಚ್ಚಿ ಸುರಿದು, ದರ ಕೂಗಿದ ಮೇಲೆ ಅದು ‘ರಾಶಿ’. ಬರೀ ರಾಶಿ. ಯಾವ ತೋಟ, ಯಾವ ಮನೆ ಅನ್ನುವುದು ಅಲ್ಲಿಗೆ ಮುಗಿಯಿತು. ಉತ್ತರದ ಯಾವುದೋ ಊರಲ್ಲಿ ಅದನ್ನು ಬಾಯಿಗೆ ಹಾಕಿಕೊಳ್ಳುವವರಿಗೆ ತೀರ್ಥಹಳ್ಳಿ ಅಂತ ಒಂದು ಊರಿದೆ ಅನ್ನುವುದೂ ಗೊತ್ತಿರುವುದಿಲ್ಲ.

ಸಹಕಾರ ಸಂಘಗಳನ್ನು ನಾನು ಸಣ್ಣದು ಮಾಡುತ್ತಿಲ್ಲ. ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್‌ಕೋಸ್ 1939ರಲ್ಲಿ ಶುರುವಾಗದಿದ್ದರೆ ಮಲೆನಾಡಿನ ಎಷ್ಟೋ ತೋಟ ದಲ್ಲಾಳಿಗಳ ಪಾಲಾಗುತ್ತಿತ್ತು. ನಮ್ಮ ಅಜ್ಜ ಅದರ ಷೇರು ಪತ್ರವನ್ನು ದೇವರ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಜರ್ಮನಿಯಲ್ಲೂ ದ್ರಾಕ್ಷಿ ರೈತರು ಉಳಿದದ್ದು ಸಂಘದಿಂದಲೇ. ಆರ್ ಕಣಿವೆಯ ಮೈಶೋಸ್ ಅನ್ನುವ ಹಳ್ಳಿಯಲ್ಲಿ 1868ರಲ್ಲೇ ವೈನ್ ರೈತರ ಸಂಘ ಹುಟ್ಟಿತ್ತು. ಸಂಘ ಬೇಕು. ಆದರೆ ಸಂಘದ ಜೊತೆಗೆ ಮನೆಯ ಹೆಸರಿಗೂ ಒಂದು ದಾರಿ ಇರಬೇಕು.

ಅದೇ ಆರ್ ಕಣಿವೆಯಲ್ಲಿ 2021ರ ಜುಲೈ 14ರ ರಾತ್ರಿ ಹೊಳೆ ಉಕ್ಕಿತು. ನೂರಕ್ಕೂ ಹೆಚ್ಚು ಜನ ಸತ್ತರು. ನೆಲಮಾಳಿಗೆಗಳಿಗೆ ಕೆಸರು ನುಗ್ಗಿತು. ಬಾಟಲಿಗಳು ಒಡೆಯದೆ ಉಳಿದಿದ್ದವು, ಆದರೆ ಚೀಟಿ ಕಾಣದಷ್ಟು ಕೆಸರು ಮೆತ್ತಿಕೊಂಡಿತ್ತು. ಅವರು ಅದನ್ನು ತೊಳೆಯಲಿಲ್ಲ. ಹಾಗೇ ಕೆಸರಿನ ಸಮೇತ ‘ನೆರೆ ವೈನ್’ ಅಂತ ಮಾರಿದರು. ದೇಶದ ಮೂಲೆ ಮೂಲೆಯಿಂದ ಜನ ಕೊಂಡರು, 40 ಲಕ್ಷ ಯೂರೋಗೂ ಜಾಸ್ತಿ ಹಣ ಕೂಡಿತು. ನಾನೂ ಎರಡು ತರಿಸಿದೆ, ಇನ್ನೂ ತೆರೆದಿಲ್ಲ, ಕೆಸರು ಒಣಗಿ ಬಿರುಕು ಬಿಟ್ಟಿದೆ. ಆ ಜನ ಕೊಂಡದ್ದು ರುಚಿಗಲ್ಲ. ಅವರಿಗೆ ಆ ಮನೆಗಳು ಗೊತ್ತಿದ್ದವು. ಹೋಗಿ ಅಂಗಳದಲ್ಲಿ ಕೂತು ಬಂದಿದ್ದರು, ಆ ಮನೆಯ ಮಕ್ಕಳು ದೊಡ್ಡವರಾಗುವುದನ್ನು ನೋಡಿದ್ದರು. 2019ರ ಆಗಸ್ಟ್ ಮಳೆಗೆ ನಮ್ಮ ಕಡೆಯೂ ಗುಡ್ಡ ಜರಿದು ತೋಟಗಳು ಹೋದವು. ಈಗ ಎಲೆಚುಕ್ಕಿ ರೋಗ ಬಂದು ಘಟ್ಟದ ಅಂಚಿನ ತೋಟಗಳು ಬೋಳಾಗುತ್ತಿವೆ. ನಮ್ಮ ಅಡಿಕೆ ತಿಂದವರಲ್ಲಿ ಯಾರು ಯಾರಿಗೆ ಪತ್ರ ಬರೆಯಬೇಕು? ವಿಳಾಸವೇ ಇಲ್ಲವಲ್ಲ.

ಸೊಪ್ಪಿನ ವಿಷಯಕ್ಕೆ ಬರುತ್ತೇನೆ. ಆ ಮನೆಯವರು ವರ್ಷದಲ್ಲಿ ಕೆಲವು ತಿಂಗಳು ಗೇಟಿಗೆ ಒಂದು ಹಸಿರು ಸೊಪ್ಪಿನ ಕಟ್ಟು ತೂಗುಹಾಕುತ್ತಾರೆ. ಅದು ಕಂಡರೆ ಅಂಗಳ ತೆರೆದಿದೆ, ಒಳಗೆ ಬಂದು ಕೂತು ಕುಡಿಯಬಹುದು ಅಂತ ಅರ್ಥ. ಇದಕ್ಕೆ ಶ್ಟ್ರೌಸ್‌ವಿರ್ಟ್‌ಶಾಫ್ಟ್ ಅಂತ ಹೆಸರು. ಶ್ಟ್ರೌಸ್ ಅಂದರೆ ಆ ಸೊಪ್ಪಿನ ಗೊಂಚಲು. ಬೇರೆ ಕೆಲವು ಸೀಮೆಯಲ್ಲಿ ಪೊರಕೆ ಕಟ್ಟುತ್ತಾರೆ. ಆಸ್ಟ್ರಿಯಾದಲ್ಲೂ ಇಂಥದ್ದೇ ಪದ್ಧತಿ ಇದೆ, ಅಲ್ಲಿ 1784ರಲ್ಲಿ ದೊರೆ ಎರಡನೇ ಜೋಸೆಫ್ ರೈತರಿಗೆ ಅವರ ವೈನನ್ನು ಅವರೇ ಮಾರುವ ಹಕ್ಕು ಕೊಟ್ಟ. ಮೊಸೆಲ್ ಕಡೆಯ ನಿಯಮ ಸರಳ. ಸ್ವಂತ ವೈನ್ ಮಾತ್ರ. ವರ್ಷಕ್ಕೆ ನಾಲ್ಕು ತಿಂಗಳು. ನಲವತ್ತು ಸೀಟಿಗಿಂತ ಜಾಸ್ತಿ ಇಡುವಂತಿಲ್ಲ. ಊಟ ಅಂದರೆ ಬ್ರೆಡ್, ಚೀಸ್, ಸೂಪಿನಂಥ ಸಾದಾ ಪದಾರ್ಥ. ಇಷ್ಟಕ್ಕೆ ಹೋಟೆಲಿನ ಲೈಸೆನ್ಸ್ ಬೇಕಿಲ್ಲ, ತಿಳಿಸಿದರೆ ಸಾಕು.

ಈ ನಲವತ್ತು ಸೀಟು ಆ ಮನೆಯನ್ನು ಉಳಿಸಿದೆ. ಹಿರಿಯರ ಹೆಂಡತಿ ಮಾಡುವ ಈರುಳ್ಳಿ ಕೇಕಿಗೆ ಅಂತಲೇ ಬರುವವರಿದ್ದಾರೆ. ಅವರು ಬಾಟಲಿ ಕೊಂಡು ಹೋಗುತ್ತಾರೆ, ಮುಂದಿನ ವರ್ಷ ಇನ್ನಿಬ್ಬರನ್ನು ಕರೆತರುತ್ತಾರೆ. ನಡುವೆ ದಲ್ಲಾಳಿ ಇಲ್ಲ. 2024ರ ಏಪ್ರಿಲ್ ಕೊನೆಯಲ್ಲಿ ಮೊಸೆಲ್ ಸೀಮೆಯಲ್ಲಿ ಮಂಜು ಹೆಪ್ಪುಗಟ್ಟಿ ಎಷ್ಟೋ ಕಡೆ ಹೊಸ ಚಿಗುರು ಸುಟ್ಟುಹೋಯಿತು. ಇವರದೂ ಕೆಳಗಿನ ತುಂಡುಗಳೆಲ್ಲ ಹೋದವು. ಆ ವರ್ಷ ಅಂಗಳಕ್ಕೆ ಬಂದವರು ಏನೂ ಹೇಳದೆ ಹಳೇ ವರ್ಷದ ಬಾಟಲಿಗಳನ್ನೇ ಎರಡೆರಡು ಜಾಸ್ತಿ ಕೊಂಡರು.

ಇದನ್ನೆಲ್ಲ ಊರಲ್ಲಿ ಹೇಳಿದಾಗ ಬೇರೆಯವರಿಗಿಂತ ಜಾಸ್ತಿ ಕಿವಿಗೊಟ್ಟವರು ಕೊಪ್ಪದ ಕಡೆಯ ನಮ್ಮ ದೊಡ್ಡಮ್ಮ. ಅವರದು ಕಾಫಿ, ಅಡಿಕೆ, ಮೆಣಸು ಇರುವ ಸಣ್ಣ ತೋಟ. ಅಡಿಕೆ ಮಧ್ಯೆ ಜಾಯಿಕಾಯಿ ಮರ. ಜಾಯಿಕಾಯಿ, ಜಾಪತ್ರೆ ಮಾರಾಟಕ್ಕೆ ಹೋಗುತ್ತದೆ, ದಪ್ಪ ಸಿಪ್ಪೆಯನ್ನು ಎಲ್ಲರೂ ಗೊಬ್ಬರದ ಗುಂಡಿಗೆ ಎಸೆಯುತ್ತಾರೆ. ದೊಡ್ಡಮ್ಮ ಎಸೆಯುವುದಿಲ್ಲ. ಸಣ್ಣಗೆ ಹೆಚ್ಚಿ, ಸಕ್ಕರೆ ಬೆರೆಸಿ, ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಎರಡು ತುಂಡು ದಾಲ್ಚಿನ್ನಿ ಹಾಕಿ ಭರಣಿಗೆ ತುಂಬುತ್ತಾರೆ. ಬಾಯಿಗೆ ಬಿಳಿ ಪಂಚೆಯ ತುಂಡು. ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು ಮರದ ಸೌಟಿನಿಂದ ಒಂದೇ ಕಡೆಗೆ ತಿರುವುತ್ತಾರೆ. ಇಪ್ಪತ್ತೊಂದು ದಿನಕ್ಕೆ ಸೋಸಿ, ಸಕ್ಕರೆ ಕಂದಿಸಿ ಬಣ್ಣ ಕೊಟ್ಟು ಬಾಟಲಿಗೆ. ಅದಕ್ಕೆ ಮೊದಲ ಗುಟುಕಿಗೆ ಜಾಪತ್ರೆಯ ಘಮ, ಆಮೇಲೆ ತೆಳ್ಳಗೆ ಒಗರು. ನೇರಳೆ ಕಾಲಕ್ಕೆ ನೇರಳೆ, ಬೆಟ್ಟದ ನೆಲ್ಲಿ ಕಾಲಕ್ಕೆ ನೆಲ್ಲಿ, ಸೊರಬದ ಕಡೆಯಿಂದ ಅನಾನಸ್ ಬಂದರೆ ಅದೂ. ದೊಡ್ಡಮ್ಮ ಭರಣಿಗೆ ಕಿವಿ ಹಚ್ಚುವುದನ್ನು ನಾನು ಕಂಡಿದ್ದೇನೆ.

‘ಎಂತ ಮಾರಾಯ, ಅವರು ಮನೇಲೇ ಕೂರಿಸಿಕೊಂಡು ಮಾರ್ಬೋದಾ? ಪೊಲೀಸ್ನೋರು ಬರಲ್ವಾ?’ ಅಂತ ಕೇಳಿದರು. ಬರಲ್ಲ ದೊಡ್ಡಮ್ಮ ಅಂದೆ. ಅವರು ಸುಮಾರು ಹೊತ್ತು ಮಾತಾಡಲಿಲ್ಲ.

ಅವರ ಮಗ ಒಂದು ಕಾಲದಲ್ಲಿ ಇದನ್ನು ಸರಿಯಾಗಿ, ಕಾಯಿದೆ ಪ್ರಕಾರ ಮಾಡಬೇಕು ಅಂತ ಹೊರಟಿದ್ದ. ಅಬಕಾರಿ ಕಾನೂನಿನಲ್ಲಿ ಲೈಸೆನ್ಸ್ ಇಲ್ಲದೆ ವೈನ್ ಮಾಡಿ ಮಾರುವಂತಿಲ್ಲ, ಅದು ಅವನಿಗೆ ಗೊತ್ತು. ಆರು ತಿಂಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದ. ಒಬ್ಬರು ಇದು ಕಾರ್ಖಾನೆ ಅಂದರು, ಒಬ್ಬರು ಕೃಷಿ ಅಂದರು, ಒಬ್ಬರು ದ್ರಾಕ್ಷಿ ಎಲ್ಲಿದೆ ಅಂತ ಕೇಳಿದರು. ಎರಡು ನೂರು ಬಾಟಲಿ ಮಾಡುವ ಮನೆಗೂ ಎರಡು ಲಕ್ಷ ಬಾಟಲಿ ಮಾಡುವ ಕಂಪನಿಗೂ ಒಂದೇ ಬಗೆಯ ಕಾಗದ ಕೇಳಿದರೆ ಸಣ್ಣ ಮನೆಯವರು ಏನು ಮಾಡಬೇಕು? ಅವನು ಕೈಬಿಟ್ಟ. ವೈನ್ ಈಗ ನೆಂಟರಿಗೆ ಮಾತ್ರ.

ದ್ರಾಕ್ಷಿ ಎಲ್ಲಿದೆ ಅಂತ ಕೇಳಿದ್ದಕ್ಕೆ ಕಾರಣವೂ ಇದೆ. ನಮ್ಮ ರಾಜ್ಯಕ್ಕೆ 2007ರಲ್ಲಿ ಬಂದದ್ದು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ. ಹೆಸರಲ್ಲೇ ದ್ರಾಕ್ಷಿ. ನಂದಿ ಬೆಟ್ಟದ ಸುತ್ತಿನವರಿಗೆ, ವಿಜಯಪುರದವರಿಗೆ ಸರಿ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಮೊಸೆಲ್ ಕಣಿವೆಯಲ್ಲಿ ಅದರ ಹತ್ತರಲ್ಲೊಂದು ಪಾಲು. ನಮ್ಮಲ್ಲಿ ದ್ರಾಕ್ಷಿ ಬಳ್ಳಿ ಕೊಳೆಯುತ್ತದೆ. ನಮ್ಮ ಹಣ್ಣು ಬೇರೆ. ಪಕ್ಕದ ಕೇರಳ ಇದನ್ನು ಯೋಚಿಸಿತು. ಅಲ್ಲಿನ ಹಣ್ಣುಗಳಿಂದಲೇ ಸಣ್ಣ ಪ್ರಮಾಣದಲ್ಲಿ ವೈನ್ ಮಾಡುವುದಕ್ಕೆ 2022ರಲ್ಲಿ ಬೇರೆಯೇ ನಿಯಮ ತಂದಿತು. ನಾವೂ ತರಬಹುದು. ಸ್ವಂತ ತೋಟದ ಹಣ್ಣು, ಇಂತಿಷ್ಟೇ ಲೀಟರ್, ಪ್ರತಿ ಭರಣಿಯದೂ ಪರೀಕ್ಷೆ, ಬಾಟಲಿ ಮೇಲೆ ಮನೆಯ ಹೆಸರು, ಮಾರಾಟ ಮನೆಯಂಗಳದಲ್ಲಿ ಮಾತ್ರ, ಅದೂ ವರ್ಷದಲ್ಲಿ ಕೆಲವೇ ತಿಂಗಳು. ಪರೀಕ್ಷೆಗೆ ದೂರ ಹೋಗಬೇಕಿಲ್ಲ, ಇರುವಕ್ಕಿಯಲ್ಲಿ ನಮ್ಮದೇ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇದೆ.

ಇಲ್ಲಿ ಒಂದು ಮಾತು ಬರುತ್ತದೆ ಅಂತ ಗೊತ್ತು. ಊರು ಹಾಳಾಗುವುದಕ್ಕೆ ಇನ್ನೊಂದು ದಾರಿ ಯಾಕೆ? ನನಗೂ ಆ ಭಯ ಇದೆ. ಕೂಲಿ ಪೂರ್ತಿ ಸಾರಾಯಿಗೆ ಹಾಕಿದ ಮನೆಗಳನ್ನು ಚಿಕ್ಕಂದಿನಲ್ಲಿ ಹತ್ತಿರದಿಂದ ಕಂಡಿದ್ದೇನೆ. ನಮ್ಮ ತೋಟದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ಹಾಗೇ ಹೋದರು, ಅವರ ಹೆಂಡತಿ ನಮ್ಮ ಜಗಲಿಯಲ್ಲಿ ಕೂತು ಅತ್ತದ್ದು ಮರೆಯುವಂಥದ್ದಲ್ಲ. 2007ರ ಜುಲೈನಲ್ಲಿ ಸಾರಾಯಿ ನಿಂತಾಗ ನಮ್ಮ ಕೇರಿಯ ಹೆಂಗಸರು ಹಬ್ಬ ಮಾಡಿದ್ದರು. ವೈನೂ ಮದ್ಯವೇ, ಅದರಲ್ಲಿ ಎರಡು ಮಾತಿಲ್ಲ. ಜರ್ಮನಿಯಲ್ಲೂ ಕುಡಿತಕ್ಕೆ ಸಿಕ್ಕಿ ಸೋತ ಮನೆಗಳಿವೆ. ಆದರೆ ಅಮಲಿಗಾಗಿ ಕುಡಿಯುವವರು ಹುಡುಕುವುದು ಅಗ್ಗದ ಪ್ಯಾಕೆಟ್ಟನ್ನು. ದೊಡ್ಡಮ್ಮನ ಜಗಲಿಯಲ್ಲಿ, ದೊಡ್ಡಮ್ಮನ ಕಣ್ಣೆದುರು, ಹೊತ್ತು ಮುಳುಗುವುದರೊಳಗೆ ಒಂದು ಲೋಟ ಕುಡಿದು ಎದ್ದುಹೋಗುವವರು ಬೇರೆ ಜನ. ಮಾರುವವರ ಮುಖ ಕುಡಿಯುವವರಿಗೆ ಕಾಣುವಾಗ ಇಬ್ಬರಿಗೂ ಒಂದು ಅಂಜಿಕೆ ಇರುತ್ತದೆ. ಆ ಮೊಸೆಲ್ ಮನೆಯ ಸೊಸೆ ಮೂರನೇ ಲೋಟಕ್ಕೆ ಕೈಚಾಚಿದ ಒಬ್ಬರಿಗೆ, ಕಾರಿನ ಕೀಲಿ ಇಲ್ಲಿಡಿ, ಇಲ್ಲವೇ ನೀರು ಕುಡಿಯಿರಿ ಅಂದದ್ದನ್ನು ನಾನು ನೋಡಿದ್ದೇನೆ. ಅಂಗಡಿಯ ಕಟಕಟೆ ಹಿಂದೆ ನಿಂತವರು ಹಾಗೆ ಹೇಳುತ್ತಾರಾ?

ಇನ್ನು ಮನೆಯಲ್ಲಿ ಕುಡಿಯುವ ಪದ್ಧತಿಯೇ ಇಲ್ಲದವರು ವೈನ್ ಮಾಡಬೇಕಿಲ್ಲ. ನಮ್ಮ ಮನೆಯಲ್ಲೂ ಮಾಡುವುದಿಲ್ಲ. ಅವರಿಗೆ ಮುರುಗಲಿನ ಶರಬತ್ತಿದೆ, ಜೋನಿ ಬೆಲ್ಲವಿದೆ, ಮಿಡಿ ಉಪ್ಪಿನಕಾಯಿ ಇದೆ. ಸಿರಸಿ ಅಡಿಕೆಗೆ ಊರಿನ ಹೆಸರಲ್ಲಿ ಮಾನ್ಯತೆ ಸಿಕ್ಕಿದೆ, ಒಳ್ಳೆಯದೇ. ಅದರ ಕೆಳಗೆ ಮನೆಯ ಹೆಸರೂ ಇರಲಿ ಅನ್ನುತ್ತೇನೆ. ಒಂದೇ ಊರಿನ ಎರಡು ಮನೆಯ ಉಪ್ಪಿನಕಾಯಿ ಒಂದೇ ಥರ ಇರುವುದಿಲ್ಲ ಅನ್ನುವುದು ಮದುವೆಯಾಗಿ ಬಂದ ಸೊಸೆಯಂದಿರಿಗೆಲ್ಲ ಗೊತ್ತು.

ಇದರಲ್ಲಿ ಮಕ್ಕಳ ವಿಷಯವೂ ಇದೆ. ಆ ಮನೆಯ ಮೊಮ್ಮಗಳು ಗೈಸನ್‌ಹೈಮ್‌ನಲ್ಲಿ ಓದಿದಳು. 1872ರಲ್ಲಿ ಶುರುವಾದ, ದ್ರಾಕ್ಷಿ ಮತ್ತು ವೈನ್ ವಿದ್ಯೆಗೆ ಹೆಸರಾದ ಜಾಗ ಅದು. ಓದು ಮುಗಿಸಿ ಒಂದೆರಡು ದೇಶ ಸುತ್ತಿ ಮನೆಗೇ ಬಂದಳು. ಬಂದ ವರ್ಷವೇ ಅಜ್ಜ ಅವಳಿಗೆ ಒಂದು ಪೀಪಾಯಿ ಬಿಟ್ಟುಕೊಟ್ಟರು. ಏನು ಬೇಕಾದರೂ ಮಾಡು, ನಾನು ಕಿವಿ ಹಚ್ಚುವುದಿಲ್ಲ ಅಂದರು. ಆ ಪೀಪಾಯಿಯ ಬಾಟಲಿಗೆ ಅವಳ ಹೆಸರು ಬಿತ್ತು. ಪಕ್ಕದ ಎರಡು ಮನೆಗಳಲ್ಲಿ ಮಕ್ಕಳು ಬರಲಿಲ್ಲ, ಅವರ ಬಳ್ಳಿಗಳನ್ನು ಇವರೇ ಗುತ್ತಿಗೆಗೆ ಮಾಡುತ್ತಿದ್ದಾರೆ. ಅಂದರೆ ಎಲ್ಲರೂ ಬರುತ್ತಾರೆ ಅಂತಲ್ಲ. ಬರುವ ಮನಸ್ಸಿರುವವರಿಗೆ ಬಂದು ಮಾಡುವುದಕ್ಕೆ ತಮ್ಮದು ಅನ್ನುವ ಒಂದು ಇದೆ. ನಾನು ಊರು ಬಿಡುವಾಗ ಅಪ್ಪ ಬೇಡ ಅನ್ನಲಿಲ್ಲ. ‘ಇಲ್ಲಿದ್ದು ಎಂತ ಮಾಡ್ತೀಯ, ಚೀಲ ಹೊಲಿಯೋದು ತಾನೆ’ ಅಂದಿದ್ದರು.

ಕಳೆದ ಜನವರಿಯಲ್ಲಿ ಊರಿಗೆ ಹೋದಾಗ ಮೊಸೆಲ್ ಮನೆಯ ಒಂದು ಖಾಲಿ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಚೀಟಿಯ ಮೇಲೆ ಬೆರಳಾಡಿಸಿದರು. ಒಂದೊಂದೇ ಸಾಲು ಓದಿ ಹೇಳಿದೆ. ‘ಇದು ಆ ಹುಡುಗಿ ಹೆಸರಾ?’ ಅಂತ ಎರಡು ಸಲ ಕೇಳಿದರು. ಆಮೇಲೆ ಬಾಟಲಿಯನ್ನು ತಮ್ಮ ಭರಣಿಗಳ ಪಕ್ಕ ಇಟ್ಟರು. ಭರಣಿಗೆ ಅನ್ನದ ಅಂಟಿನಲ್ಲಿ ಅಂಟಿಸಿದ ಕ್ಯಾಲೆಂಡರ್ ಚೂರುಗಳಿದ್ದವು. ‘ಜಾಯಿಕಾಯಿ, ಕೆಳಗಿನ ಮರ’ ಅಂತ ಪೆನ್ಸಿಲ್ಲಿನಲ್ಲಿ ಬರೆದು ತಾರೀಖು ಹಾಕಿದ್ದರು. ಎಷ್ಟು ವರ್ಷದಿಂದ ಹೀಗೆ ಬರೆಯುತ್ತಿದ್ದೀರಿ ಅಂದೆ. ಮದುವೆಯಾಗಿ ಬಂದಾಗಿನಿಂದ ಅಂದರು.

ಅವರ ಮೊಮ್ಮಗಳು ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಓದುತ್ತಿದ್ದಾಳೆ, ರಜೆಗೆ ಬಂದಿದ್ದಳು. ಬಾಟಲಿ ಮೂಲೆಯ ಆ ಸಣ್ಣ ನಂಬರಿನ ಫೋಟೋ ತೆಗೆದುಕೊಂಡಳು, ಯಾವ ಅಂಕಿಗೆ ಏನರ್ಥ ಅಂತ ಬರೆದುಕೊಂಡಳು. ನಾನು ಹೊರಡುವ ಹೊತ್ತಿಗೆ ಕಾರಿನವರೆಗೆ ಬಂದಳು.

‘ಚಿಕ್ಕಪ್ಪ, ಅವರಿಗೆ ಎಷ್ಟು ಸೀಟು ಅಂದ್ರಿ?’

‘ನಲವತ್ತು.’

ಅವಳು ತಿರುಗಿ ಮನೆ ಕಡೆ ನೋಡಿದಳು. ತುಳಸಿಕಟ್ಟೆಯಿಂದ ಆ ತುದಿಯ ಕಂಬದವರೆಗೆ ಕಣ್ಣಲ್ಲೇ ಅಳೆದಳು.

‘ನಮ್ಮ ಜಗಲಿ ಮೇಲೆ ಕೂರ್ಬೋದು’ ಅಂದಳು.